ಬೆಳ್ಳಿ ಗದೆ ಹೀರೋಗೆ, ಖಾಲಿ ಬೆಂಚು ಕನ್ನಡಕ್ಕೆ



ಸ್ವಲ್ಪ ಉದ್ದದ ಪೋಸ್ಟ್. ಕೋಪ ಬಂದ್ರೂ ಪರವಾಗಿಲ್ಲ, ಪೂರ್ತಿ ಓದಿ ಆಮೇಲೆ ಬೈರಿ.

ಹೋದ ಭಾನುವಾರ ಬೆಳಿಗ್ಗೆ ಉದ್ದನಪಲ್ಲಿಯಲ್ಲಿ ನಾವು ಮೂರ್ನಾಲ್ಕು ಜನ ಕೂತು ಮಾತಾಡ್ತಿದ್ದಾಗ ಹುಡುಗರು ಬಂದ್ರು. ಎಲ್ಲಾ ನಮ್ಮ ಸುತ್ತಮುತ್ತಲ ಹಳ್ಳಿಯವರೇ. ಇಬ್ಬರು ಹೊಸೂರಿಗೆ ಕಂಪನಿ ಕೆಲಸಕ್ಕೆ ಹೋಗ್ತಾರೆ, ಒಬ್ಬ ರಾಯಕೋಟೆ ಟೊಮೆಟೊ ಮಂಡಿಯಲ್ಲಿ ಲೋಡ್ ಹತ್ತಿಸ್ತಾನೆ, ಇನ್ನೊಬ್ಬ ಕಾಲೇಜು. ಅವರ ಮೆಚ್ಚಿನ ಕನ್ನಡ ಹೀರೋ ಹುಟ್ಟುಹಬ್ಬ ಬರ್ತಾ ಇದೆ. ಊರೂರು ಸುತ್ತಿ ದುಡ್ಡೆತ್ತಿ ಬೆಳ್ಳಿ ಗದೆ ಮಾಡಿಸ್ತಿದ್ದಾರೆ. ತಲೆಗೆ 500 ರೂಪಾಯಿ, 600 ಜನ, ಒಟ್ಟು 3 ಲಕ್ಷ. ವ್ಯಾನ್ ಮಾಡ್ಕೊಂಡು ಬೆಂಗಳೂರಿಗೆ ಹೋಗಿ ಮನೆ ಬಾಗಿಲಲ್ಲೇ ಕೊಟ್ಟು ಬರೋದು. ಅರ್ಧಕ್ಕಿಂತ ಜಾಸ್ತಿ ದುಡ್ಡು ಆಗಲೇ ಬಂದಿದೆಯಂತೆ.

ನಮ್ಮ ಹತ್ತಿರ ಅವರು ದುಡ್ಡು ಕೇಳೋಕೆ ಬಂದಿರಲಿಲ್ಲ. ಗದೆ ಮೇಲೆ ಕೆತ್ತಿಸೋ ಕನ್ನಡದ ಸಾಲು ಒಂದು ಚೀಟಿಯಲ್ಲಿತ್ತು. ‘ಅಣ್ಣಾ, ಇದು ಸರಿಯಾಗಿದೆಯಾ ನೋಡಿ ಹೇಳಿ’ ಅಂದ್ರು.

ನೋಡಿದ್ವಿ. ‘ಅಭಿಮಾನಿ’ ಇರಬೇಕಾದ ಕಡೆ ‘ಅಬಿಮಾನಿ’. ‘ಶುಭಾಶಯ’ದ ಜಾಗದಲ್ಲಿ ‘ಶುಬಾಸಯ’. ಕೊನೆಯಲ್ಲಿ ಊರ ಹೆಸರು ‘ಉತ್ತನಪಳ್ಳಿ’. ತಮಿಳು ಬೋರ್ಡಲ್ಲಿ ಇರೋದನ್ನ ಮೊಬೈಲಿಗೆ ಹಾಕಿದ್ದಾರೆ, ಅದು ಕನ್ನಡ ಅಕ್ಷರದಲ್ಲಿ ಹಾಗೇ ಕಕ್ಕಿದೆ. ತಮಿಳು ಲಿಪಿಯಲ್ಲಿ ‘ತ’ಗೂ ‘ದ’ಗೂ ಒಂದೇ ಅಕ್ಷರ, ಅದರಲ್ಲಿ ತಮಿಳಿನ ತಪ್ಪೇನೂ ಇಲ್ಲ. ಆದ್ರೆ ನಮ್ಮ ಊರ ಹೆಸರು ನಮ್ಮ ಭಾಷೆಯಲ್ಲಿ ಹೇಗೆ ಬರೆಯೋದು ಅಂತ ನಮ್ಮ ಹುಡುಗರಿಗೆ ಗೊತ್ತಿರಲಿಲ್ಲ.

‘ಇದನ್ನ ನೀವೇ ಒಂದ್ಸಲ ಓದ್ರಪ್ಪ’ ಅಂದ್ವಿ. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ಒಬ್ಬ ತಲೆ ಬಗ್ಗಿಸಿ ಹೇಳಿದ: ‘ಮಾತಾಡೋಕೆ ಬರುತ್ತೆ ಅಣ್ಣಾ. ಓದೋಕೆ ಬರಲ್ಲ.’

ದುಡ್ಡೆತ್ತೋಕೆ ಕಳಿಸಿದ್ದ ವಾಟ್ಸಪ್ ಮೆಸೇಜು ತೋರಿಸಿದ್ರು. ಕನ್ನಡದ ಮಾನ, ಕನ್ನಡದ ಗತ್ತು, ತಮಿಳು ನೆಲದಲ್ಲಿ ಕನ್ನಡಿಗರ ಶಕ್ತಿಪ್ರದರ್ಶನ, ಎಲ್ಲಾ ಇತ್ತು. ಬರೆದಿದ್ದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ.

ಈ ಪೋಸ್ಟ್ ಬರೀತಿರೋದು ಆ ಹುಡುಗರನ್ನ ನಾಲ್ಕು ಜನದ ಮುಂದೆ ಅವಮಾನ ಮಾಡೋಕಲ್ಲ. ಅವರು ತಪ್ಪಾಗಬಾರದು ಅಂತ ಹುಡುಕ್ಕೊಂಡು ಬಂದ್ರಲ್ಲ, ಅದೇ ದೊಡ್ಡ ಗುಣ. ನಮ್ಮ ಜಗಳ ಆ ಗದೆ ಜೊತೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡ್ತೀವಿ. ನಾವು ಸಿನಿಮಾ ವಿರೋಧಿಗಳಲ್ಲ. ಮನೆ ಮಾತು ಕನ್ನಡ, ಸ್ಕೂಲು ತಮಿಳು ಇಲ್ಲಾ ಇಂಗ್ಲಿಷು, ಸಂತೆಯಲ್ಲಿ ತೆಲುಗು ಅನ್ನೋ ಈ ಸೀಮೆಯಲ್ಲಿ ಹುಡುಗರ ಕಿವಿಯಲ್ಲಿ ಕನ್ನಡ ಉಳಿಸಿದ್ದರಲ್ಲಿ ಸಿನಿಮಾಗೆ ದೊಡ್ಡ ಪಾಲಿದೆ. ಹೊಸ ಕನ್ನಡ ಪಿಕ್ಚರ್ ಬಂದಾಗ ಅತ್ತಿಬೆಲೆ ದಾಟಿ ಹೋಗಿ ನೋಡಿ ಬರೋರಲ್ಲಿ ನಾವೂ ಇದ್ದೀವಿ. ಆದ್ರೆ ಕಿವಿಯಲ್ಲಿ ಉಳಿದ ಭಾಷೆ ಒಂದು ತಲೆಮಾರು ನಡೆಯುತ್ತೆ. ಕೈಗೆ ಬಾರದೇ ಹೋದ್ರೆ ಮುಂದಿನ ತಲೆಮಾರಿಗೆ ದಾಟಲ್ಲ. ಇವತ್ತು ಓದೋಕೆ ಬರದ ಹುಡುಗ ನಾಳೆ ಅಪ್ಪ ಆದಾಗ ಮಗುಗೆ ಏನು ಓದಿಸ್ತಾನೆ?

ಈಗ ಗದೆ ವಿಷಯಕ್ಕೆ ಬರೋಣ. ಗದೆ ಹೋಗೋದು ಎಲ್ಲಿಗೆ? ಪುಣ್ಯ ಇದ್ರೆ ಹೀರೋ ಎರಡು ನಿಮಿಷ ಕೈಯಲ್ಲಿ ಹಿಡೀತಾರೆ, ಒಂದು ಫೋಟೋ. ಅಲ್ಲಿಂದ ಅದು ಅವರ ಮನೆಯ ಯಾವುದೋ ರೂಮಿಗೆ ಹೋಗುತ್ತೆ. ಅಂಥವು ಅಲ್ಲಿ ಇನ್ನೆಷ್ಟು ಬಿದ್ದಿದಾವೋ. ಒಂದು ಸಿನಿಮಾಗೆ ಕೋಟಿಗಳಲ್ಲಿ ಸಂಬಳ ತಗೊಳೋ ಮನುಷ್ಯನ ಮನೆಗೆ ಮಂಡಿಯಲ್ಲಿ ಮೂಟೆ ಹೊತ್ತ ಹುಡುಗನ ಒಂದು ದಿನದ ಕೂಲಿ ಬೆಳ್ಳಿಯಾಗಿ ಹೋಗಿ ಕೂರುತ್ತೆ. ಕೆರೆ ತುಂಬಿ ಕೋಡಿ ಹರೀತಿರುವಾಗ ಕೊಡದಲ್ಲಿ ನೀರು ತಂದು ಕೆರೆಗೆ ಸುರಿಯೋರನ್ನ ಏನಂತ ಕರೀತೀವಿ? ಅದೂ ಮನೆಯಲ್ಲಿ ಮಗು ಬಾಯಾರಿ ಕೂತಿರುವಾಗ?

ಇದೇನೂ ನಮ್ಮ ಊರಿಗೆ ಮಾತ್ರ ಬಂದ ರೋಗ ಅಲ್ಲ. 2020ರ ಜನವರಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಬೆಂಗಳೂರಲ್ಲಿ ಅಭಿಮಾನಿಗಳು 216 ಅಡಿ ಕಟೌಟ್ ನಿಲ್ಲಿಸಿದ್ರು, 5000 ಕೆ.ಜಿ. ಕೇಕ್ ಮಾಡಿಸಿದ್ರು. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ. ಅಂದ್ರೆ ಮೂರೂವರೆ ಗೊಮ್ಮಟನಿಗಿಂತ ಎತ್ತರ. ಆ ಗೊಮ್ಮಟ ಸಾವಿರ ವರ್ಷ ದಾಟಿ ನಿಂತಿದ್ದಾನೆ. ಆ ಕಟೌಟ್ ಈಗ ಎಲ್ಲಿದೆ?

ಹೊರಗೂ ಇದೇ ಕಥೆ. 2021ರಲ್ಲಿ ಚೀನಾದ ಒಂದು ಅಭಿಮಾನಿ ಬಳಗ ಕೊರಿಯಾದ ಬಿಟಿಎಸ್ ತಂಡದ ಜಿಮಿನ್ ಹುಟ್ಟುಹಬ್ಬಕ್ಕೆ ಒಂದು ವಿಮಾನದ ಮೈತುಂಬಾ ಅವನ ಫೋಟೋ ಬಿಡಿಸೋಕೆ ದುಡ್ಡೆತ್ತಿತು. ಮೊದಲ ಮೂರು ನಿಮಿಷಕ್ಕೆ 10 ಲಕ್ಷ ಯುವಾನ್, ಒಂದು ಗಂಟೆಗೆ 23 ಲಕ್ಷ. ಅಲ್ಲಿನ ವೈಬೋ ಜಾಲತಾಣ ಆ ಬಳಗದ ಖಾತೆಯನ್ನೇ 60 ದಿನ ಬಂದ್ ಮಾಡ್ತು. ಆದ್ರೆ ಅದೇ ಬಿಟಿಎಸ್ ಅಭಿಮಾನಿಗಳು ಅದರ ಹಿಂದಿನ ವರ್ಷ ಇನ್ನೊಂದು ಕೆಲಸ ಮಾಡಿದ್ರು. ಅಮೆರಿಕದಲ್ಲಿ ಕರಿಯರ ಮೇಲಿನ ಅನ್ಯಾಯದ ವಿರುದ್ಧ ಹೋರಾಟ ನಡೀತಿದ್ದಾಗ ತಂಡ 10 ಲಕ್ಷ ಡಾಲರ್ ಕೊಟ್ಟಿತು. ಅಭಿಮಾನಿಗಳು ಒಂದು ದಿನದ ಆಸುಪಾಸಲ್ಲಿ ಅಷ್ಟೇ ಮೊತ್ತ ತಾವೂ ಎತ್ತಿ ಕೊಟ್ರು. ಅದೇ ಪ್ರೀತಿ, ಅದೇ ಮೊಬೈಲು. ದುಡ್ಡು ಎಲ್ಲಿಗೆ ಹೋಯ್ತು ಅನ್ನೋದಷ್ಟೇ ಬೇರೆ.

ಇನ್ನೊಂದು ವಿಷಯ ಹೇಳೋಕೆ ನಮಗೆ ಸಂಕಟ ಆಗುತ್ತೆ, ಆದ್ರೆ ಹೇಳಲೇಬೇಕು. 2024ರ ಜನವರಿ 7ರ ರಾತ್ರಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸೋಕೆ ಹೋದ ಮೂರು ಹುಡುಗರು ಕರೆಂಟ್ ತಗುಲಿ ಸತ್ತರು. ಮೂವರಿಗೂ ಇಪ್ಪತ್ತರ ಹತ್ತಿರದ ವಯಸ್ಸು. ದೂರದ ಮಾತು ಅನ್ನಬೇಡಿ. ನಮ್ಮ ಕೃಷ್ಣಗಿರಿ ಜಿಲ್ಲೆ ದಾಟಿದ್ರೆ ಸಿಗೋ ಕುಪ್ಪಂ ಕಡೆ ಶಾಂತಿಪುರಂ ಹತ್ತಿರ 2020ರ ಸೆಪ್ಟೆಂಬರ್ 1ರ ರಾತ್ರಿ ಪವನ್ ಕಲ್ಯಾಣ್ ಹುಟ್ಟುಹಬ್ಬದ ಬ್ಯಾನರ್ ಕಟ್ಟೋವಾಗ ಇದೇ ಥರ ಮೂರು ಜನ ಹೋದ್ರು. ಭಾಷೆ ಬೇರೆ, ಹೀರೋ ಬೇರೆ, ಕರೆಂಟ್ ಒಂದೇ.

ಸೂರಣಗಿಗೆ ಯಶ್ ಮಾರನೇ ದಿನಾನೇ ಹೋಗಿ ಆ ಮನೆಗಳವರನ್ನ ನೋಡಿದ್ರು, ಇಂಥಾ ಅಭಿಮಾನ ಬೇಡ ಅಂದ್ರು. ಒಂದು ವರ್ಷ ಆದಮೇಲೆ ಹುಟ್ಟುಹಬ್ಬಕ್ಕೆ ಮುಂಚೇನೇ ಪತ್ರ ಬರೆದು, ಪ್ರೀತಿ ತೋರಿಸೋ ರೀತಿ ಬದಲಾಗಬೇಕು, ಆಡಂಬರ ಬೇಡ ಅಂತ ಕೇಳಿಕೊಂಡ್ರು. ದರ್ಶನ್ ಕೂಡ ಹಿಂದೆ ಕೇಕು ಹಾರ ತರಬೇಡಿ, ಅಕ್ಕಿ ಬೇಳೆ ಸಕ್ಕರೆ ತನ್ನಿ, ಅನಾಥಾಶ್ರಮಕ್ಕೆ ಮಠಕ್ಕೆ ಕಳಿಸ್ತೀನಿ ಅಂತ ಅಭಿಮಾನಿಗಳಿಗೆ ಹೇಳಿದ್ರು. ನಟರೇ ಬೇಡ ಬೇಡ ಅಂದ್ರೂ ನಾವು ಬಿಡಲ್ಲ. ಹಾಗಾದ್ರೆ ಈ ಗದೆ ನಿಜವಾಗಿ ಯಾರಿಗೆ? ಅವರಿಗಲ್ಲ. ಪಕ್ಕದ ಊರಿನ ಅಭಿಮಾನಿ ಸಂಘಕ್ಕೆ ತೋರಿಸೋಕೆ, ನಮ್ಮ ಫೋಟೋ ಓಡೋಕೆ.

ಹುಡುಗರು ನಮ್ಮ ಮುಂದೆ ಇಟ್ಟ ವಾದಗಳಿಗೂ ಉತ್ತರ ಹೇಳಬೇಕು, ಇಲ್ಲಾಂದ್ರೆ ನ್ಯಾಯ ಅಲ್ಲ.

ಒಂದನೇದು. ‘ಅಣ್ಣಾ, ತಮಿಳು ಹುಡುಗರು ಅವರ ಹೀರೋಗೆ ಎಷ್ಟೆಷ್ಟು ಮಾಡ್ತಾರೆ. ನಾವು ಸುಮ್ಮನಿದ್ರೆ ಕನ್ನಡದವರು ಅಂದ್ರೆ ಏನೂ ಇಲ್ಲ ಅನ್ಕೋತಾರೆ.’

ತಮ್ಮಾ, ಕಟೌಟ್ ಎತ್ತರದ ಪೈಪೋಟಿಯಲ್ಲಿ ಎಣಿಕೆ ಕಡಿಮೆ ಇರೋರು ಯಾವತ್ತೂ ಗೆಲ್ಲಲ್ಲ. ಅವರ ಹತ್ತಿರ ರಾಜ್ಯ ಇದೆ, ಪಕ್ಷಗಳಿವೆ, ಥಿಯೇಟರುಗಳಿವೆ. ಇನ್ನೂ ಒಂದು ನೋಡು: ಅವರು ಕಟೌಟ್ ಕಟ್ಟಿದ ಮಾರನೇ ದಿನಾನೂ ಅವರ ಮಗು ತಮಿಳು ಪುಸ್ತಕ ಹಿಡ್ಕೊಂಡು ತಮಿಳು ಸ್ಕೂಲಿಗೇ ಹೋಗುತ್ತೆ. ಅವರು ದುಂದು ಮಾಡಿದ್ರೂ ಅವರ ಭಾಷೆಗೆ ಏನೂ ಆಗಲ್ಲ. ನಾವು ದುಂದು ಮಾಡಿದ್ರೆ ಹೋಗೋದು ನಮ್ಮ ಬಿತ್ತನೆ ಬೀಜ. ಅಲ್ಲಿಯ ಅಭಿಮಾನದ ಬೆಲೆಯೂ ನಮಗೆ ಗೊತ್ತಿಲ್ಲದ್ದಲ್ಲ. 2023ರ ಜನವರಿಯಲ್ಲಿ ಚೆನ್ನೈಯಲ್ಲಿ ಅಜಿತ್ ಸಿನಿಮಾ ಬಿಡುಗಡೆ ಸಂಭ್ರಮದಲ್ಲಿ ಲಾರಿ ಮೇಲೆ ಹತ್ತಿ ಕುಣಿದ ಹುಡುಗ ಬಿದ್ದು ಸತ್ತ. 2025ರ ಸೆಪ್ಟೆಂಬರ್ 27ರಂದು ಕರೂರಿನಲ್ಲಿ ವಿಜಯ್ ನೋಡೋಕೆ ಬಂದ ಜನಜಂಗುಳಿಯಲ್ಲಿ 41 ಜನ ಹೋದ್ರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಮುಂದೆ ಆರ್‌ಸಿಬಿ ಗೆದ್ದ ಖುಷಿಯಲ್ಲಿ 11 ಜನ. ಯಾವ ಭಾಷೆಯವರೂ ಯಾರಿಗೂ ಬುದ್ಧಿ ಹೇಳೋ ಸ್ಥಿತಿಯಲ್ಲಿಲ್ಲ. ಇದರಲ್ಲಿ ಅವರನ್ನ ಮೀರಿಸೋಕೆ ಹೋಗೋದು ಯಾವ ಗೆಲುವು?

ಎರಡನೇದು. ‘ನಮ್ಮ ದುಡ್ಡು, ನಮ್ಮಿಷ್ಟ.’

ನಿನ್ನ 500 ನಿನ್ನಿಷ್ಟ, ಖಂಡಿತ ಒಪ್ತೀವಿ. ಆದ್ರೆ ನೀನು ಅಂಗಡಿ ಅಂಗಡಿ ಹತ್ತಿ ‘ಕನ್ನಡದ ಮಾನಕ್ಕೆ ಕೊಡಿ’ ಅಂತ ಕೇಳಿದ್ದೀಯ. ಕಿರಾಣಿ ಅಂಗಡಿಯ ಶೆಟ್ಟರು ಕೊಟ್ಟಿದ್ದು ಹೀರೋ ಮುಖ ನೋಡಿ ಅಲ್ಲ, ಕನ್ನಡ ಅನ್ನೋ ಹೆಸರಿಗೆ. ಕನ್ನಡದ ಹೆಸರಲ್ಲಿ ಎತ್ತಿದ ದುಡ್ಡು ಕನ್ನಡದ ದುಡ್ಡು. ಅದಕ್ಕೆ ಲೆಕ್ಕ ಕೊಡಬೇಕು. ಈಗ ಆ ದುಡ್ಡು ಎಲ್ಲಿದೆ? ಒಬ್ಬ ಹುಡುಗನ ಫೋನ್‌ಪೇಗೆ ಹೋಗಿ ಅವನ ಸ್ವಂತ ಖಾತೆಯಲ್ಲಿದೆ. ರಸೀದಿ ಇಲ್ಲ, ಪುಸ್ತಕ ಇಲ್ಲ. ಹುಡುಗ ಒಳ್ಳೆಯವನೇ, ಅನುಮಾನ ಇಲ್ಲ. ಆದ್ರೆ ನಮ್ಮಲ್ಲಿ ಬ್ಯಾಂಕ್ ಕೌಂಟರ್ ಹಿಂದೆ ಕೂರೋರಿದ್ದಾರೆ. ಒಳ್ಳೆಯ ಸ್ನೇಹಿತರು ಇಂಥ ಲೆಕ್ಕದಿಂದಲೇ ಮಾತು ಬಿಟ್ಟಿದ್ದನ್ನ ಸುಮಾರು ಸಲ ನೋಡಿದ್ದಾರೆ. ಅವ್ವನ ಓಲೆ ಅಡ ಇಟ್ಟು ಚಂದಾ ಕಟ್ಟೋ ಹುಡುಗರನ್ನೂ ನೋಡಿದ್ದಾರೆ. ಓಲೆ ಬಿಡಿಸೋಕೆ ಬರೋದು ಅವ್ವನೇ, ಕೂಲಿ ದುಡ್ಡು ಸೆರಗಲ್ಲಿ ಕಟ್ಕೊಂಡು.

ಮೂರನೇದು. ‘ಹೂವಿನ ಹಾರ, ಹಣ್ಣಿನ ಹಾರ ಅಂತ ನಾವು ಮಾಡಿದ್ರೆ ನಮ್ಮ ರೈತರಿಗೇ ತಾನೇ ಲಾಭ?’

ಹೊಸೂರು ಗುಲಾಬಿ ವಿಮಾನ ಹತ್ತಿ ವಿದೇಶಕ್ಕೆ ಹೋಗುತ್ತೆ. ಹುಟ್ಟುಹಬ್ಬದ ಹಾರ ನೆಚ್ಚಿಕೊಂಡು ಯಾರೂ ತೋಟ ಮಾಡಿಲ್ಲ. ರೈತನಿಗೆ ಸಹಾಯ ಮಾಡೋ ಮನಸ್ಸಿದ್ರೆ ಟೊಮೆಟೊ ರೇಟು ಬಿದ್ದು ರಸ್ತೆ ಬದಿ ಸುರೀತಾರಲ್ಲ, ಅವತ್ತು ಬನ್ನಿ.

ನಾಲ್ಕನೇದು, ಎದೆಗೆ ತಾಗಿದ್ದು. ‘ಅಣ್ಣಾ, ನಮಗೆ ಕನ್ನಡದವರು ಅಂತ ಹೇಳ್ಕೊಳೋಕೆ ಇರೋದು ಅವರೊಬ್ಬರೇ.’

ಇದಕ್ಕೆ ಬೈಯೋಕೆ ನಮಗೆ ಬಾಯಿಲ್ಲ. ಕನ್ನಡ ಅಂದ್ರೆ ಇವರಿಗೆ ಬೇರೆ ಏನೂ ಸಿಕ್ಕಿಲ್ಲ. ಪುಸ್ತಕ ಸಿಕ್ಕಿಲ್ಲ, ಮೇಷ್ಟ್ರು ಸಿಕ್ಕಿಲ್ಲ, ಲೈಬ್ರರಿ ಸಿಕ್ಕಿಲ್ಲ. ಸಿಕ್ಕಿದ್ದು ಪರದೆ ಮೇಲೆ ಒಂದು ಮುಖ. ಅದನ್ನೇ ಹಿಡ್ಕೊಂಡಿದ್ದಾರೆ. ಈ ತಪ್ಪಲ್ಲಿ ಅರ್ಧ ನಮ್ಮದು, ಅದಕ್ಕೆ ಆಮೇಲೆ ಬರ್ತೀವಿ.

ಮೊದಲು ರಾಜಣ್ಣನ ವಿಷಯ. ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಡಾ. ರಾಜ್‌ಕುಮಾರ್ ನಮ್ಮ ಹಾಗೇ ತಮಿಳುನಾಡಿನ ಕನ್ನಡಿಗರು. ಹುಟ್ಟಿದ ಗಾಜನೂರು ಇವತ್ತು ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ. 2000ದ ಜುಲೈ 30ರಂದು ವೀರಪ್ಪನ್ ಅವರನ್ನ ಎತ್ತಿಕೊಂಡು ಹೋಗಿದ್ದು ಆ ಊರ ಮನೆಯಿಂದಲೇ, 108 ದಿನ ಕಾಡಲ್ಲಿ ಇಟ್ಕೊಂಡಿದ್ದ. ಚಿಕ್ಕ ವಯಸ್ಸಿಗೇ ಸ್ಕೂಲು ಬಿಟ್ಟ ಆ ಮನುಷ್ಯ ಕನ್ನಡವನ್ನ ಹೇಗೆ ನುಡಿದ್ರು ಅಂತ ನಾವು ಹೇಳಬೇಕಾಗಿಲ್ಲ. 1982ರಲ್ಲಿ ಗೋಕಾಕ್ ಚಳವಳಿಗೆ ಇಳಿದು ಊರೂರು ಸುತ್ತಿದಾಗ ಅವರು ಕೇಳಿದ್ದು ಏನು? ತನಗೆ ಕಿರೀಟ ಕೇಳಲಿಲ್ಲ. ಸ್ಕೂಲಲ್ಲಿ ಕನ್ನಡಕ್ಕೆ ಮೊದಲ ಜಾಗ ಕೇಳಿದ್ರು. ಅಲ್ಲಿ ಕನ್ನಡ ದೊಡ್ಡ ಗುಂಪಿನ ಭಾಷೆ, ಇಲ್ಲಿ ಸಣ್ಣ ಗುಂಪಿನದು, ಆ ಹೋರಾಟ ಬೇರೆ ನಮ್ಮದು ಬೇರೆ ಅಂತ ನಮಗೂ ಗೊತ್ತು. ಆದ್ರೂ ನಮ್ಮ ಭಾಷೆಯ ದೊಡ್ಡ ನಟ ಬೀದಿಗೆ ಇಳಿದಿದ್ದು ಮಕ್ಕಳ ಪಾಠದ ಪುಸ್ತಕಕ್ಕೆ ಅನ್ನೋದನ್ನ ಮರೀಬೇಡಿ.

ಅವರು ನಮ್ಮನ್ನ ‘ಅಭಿಮಾನಿ ದೇವರುಗಳು’ ಅಂತ ಕರೀತಿದ್ರು. ದೇವರು ಅಂದಮೇಲೆ ಕಾಣಿಕೆ ಬರಬೇಕಾದ್ದು ದೇವರಿಗೆ ಅಲ್ವಾ? ದೇವರೇ ಹುಂಡಿ ಒಡೆದು ಭಕ್ತನ ಮನೆಗೆ ಬೆಳ್ಳಿ ಹೊತ್ಕೊಂಡು ಹೋಗೋದು ಯಾವ ಸಂಪ್ರದಾಯ? ರಾಜಣ್ಣ 2006ರಲ್ಲಿ ಹೋಗುವಾಗ ಕಣ್ಣು ಕೊಟ್ಟು ಹೋದ್ರು. ಅಪ್ಪು 2021ರಲ್ಲಿ ಹೋದಾಗ ಅವರ ಕಣ್ಣಿಂದ ನಾಲ್ಕು ಜನಕ್ಕೆ ಬೆಳಕು ಬಂತು. ಆಮೇಲೆ ಅದನ್ನ ನೋಡಿ ಸಾವಿರಾರು ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದ್ರು. ಅದು ಅಭಿಮಾನ. ಅದಕ್ಕೆ ಕಟೌಟ್ ಬೇಕಾಗಲಿಲ್ಲ, ಚಂದಾ ಬೇಕಾಗಲಿಲ್ಲ.

ಈಗ ಖಾಲಿ ಬೆಂಚಿನ ಕಡೆ ಬನ್ನಿ. 2006ರಲ್ಲಿ ತಮಿಳುನಾಡು ಸರ್ಕಾರ ತಮಿಳು ಕಲಿಕೆ ಕಾಯ್ದೆ ತಂತು. 2006-07ರಲ್ಲಿ ಒಂದನೇ ಕ್ಲಾಸಿಂದ ಶುರುವಾಗಿ ವರ್ಷಕ್ಕೊಂದು ಕ್ಲಾಸು ಮೇಲೇರ್ತಾ ಹತ್ತನೇ ಕ್ಲಾಸಿಗೆ ಬಂತು. ಮೊದಲ ಭಾಷೆ ತಮಿಳೇ, ನಮ್ಮ ಭಾಷೆ ಬೇಕಾದ್ರೆ ಐಚ್ಛಿಕ. ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋಗಿ ವಿನಾಯಿತಿ ತಂದ್ರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನ ಇನ್ನೊಂದು ವರ್ಷಕ್ಕೆ ಮುಂದುವರಿಸ್ತು. ಗಮನಿಸಿ, ಒಂದು ವರ್ಷಕ್ಕೆ. ಹೀಗೆ ವರ್ಷ ವರ್ಷ ಉಸಿರು ಬೇಡಿಕೊಂಡು ಬದುಕೋ ಸ್ಥಿತಿ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಅನುಕೂಲ ಕೊಡಬೇಕು ಅನ್ನುತ್ತೆ. ಆದ್ರೆ ವಿಧಿ ತಾನಾಗಿ ಎದ್ದು ಬಂದು ಬೋರ್ಡ್ ಮುಂದೆ ನಿಂತು ಪಾಠ ಮಾಡಲ್ಲ. ಡೆಂಕಣಿಕೋಟೆ, ತಳಿ ಕಡೆ ಕನ್ನಡ ಕ್ಲಾಸು ಇರೋ ಶಾಲೆಗಳಿಗೆ ಮಕ್ಕಳು ಬೇಕು, ಮೇಷ್ಟ್ರು ಬೇಕು, ಕೇಳೋ ಅಪ್ಪ ಅಮ್ಮ ಬೇಕು. ಮಕ್ಕಳು ಕಡಿಮೆ ಆದ್ರೆ ‘ಮಕ್ಕಳಿಲ್ಲ’ ಅಂತ ಮೇಷ್ಟ್ರು ಬರಲ್ಲ. ಮೇಷ್ಟ್ರು ಬರದಿದ್ರೆ ‘ಪಾಠ ಇಲ್ಲ’ ಅಂತ ಮಕ್ಕಳು ಬರಲ್ಲ. ಹೀಗೇ ಬೆಂಚು ಖಾಲಿ ಆಗೋದು. ಯಾರೂ ಬಂದು ಬೀಗ ಹಾಕಬೇಕಾಗಿಲ್ಲ.

ಈ ಹಳ್ಳಿಗಳಲ್ಲಿ ಭಾನುವಾರದ ಕನ್ನಡ ಕ್ಲಾಸು ಮಾಡೋಣ ಅಂತ ನಾವು ಎಷ್ಟು ಸಲ ಕೇಳಿಲ್ಲ? ಬಂದ ಉತ್ತರ ಒಂದೇ: ‘ದುಡ್ಡು ಎಲ್ಲಿದೆ ಸಾರ್? ನಾವು ಬಡವರು, ಎಣಿಕೆಯಲ್ಲೂ ಕಡಿಮೆ.’ ಈಗ ಗೊತ್ತಾಯ್ತಲ್ಲ ದುಡ್ಡು ಎಲ್ಲಿದೆ ಅಂತ!

ಲೆಕ್ಕ ಹಾಕೋಣ. ಭಾನುವಾರಕ್ಕೆ ಒಬ್ಬ ಮೇಷ್ಟ್ರಿಗೆ 500 ರೂಪಾಯಿ ಗೌರವಧನ. ವರ್ಷಕ್ಕೆ 48 ಭಾನುವಾರ ಅಂದ್ರೆ 24,000. ಮೂರು ಹಳ್ಳಿಗೆ 72,000. ನೂರು ಮಕ್ಕಳಿಗೆ ಕಾಗುಣಿತದ ಪುಸ್ತಕ, ನೋಟ್‌ಬುಕ್ಕು, ಪೆನ್ಸಿಲ್ಲು ತಲೆಗೆ 150ರಂತೆ 15,000. ಒಟ್ಟು ವರ್ಷಕ್ಕೆ 87,000. ಮೂರು ವರ್ಷಕ್ಕೆ 2,61,000. ನಿಮ್ಮ 3 ಲಕ್ಷದ ಗದೆಯಲ್ಲಿ ಮೂರು ಹಳ್ಳಿಗೆ ಮೂರು ವರ್ಷ ಕನ್ನಡ ಕಲಿಸಿ ಇನ್ನೂ 39,000 ಮಿಗುತ್ತೆ. ಕ್ಲಾಸು ಬೇಡ ಅಂದ್ರೆ 3 ಲಕ್ಷ ಎಫ್‌ಡಿ ಇಡಿ. ಆರೂವರೆ ಪರ್ಸೆಂಟ್ ಅಂತ ಇಟ್ಕೊಂಡ್ರೂ ವರ್ಷಕ್ಕೆ 19,500 ಬಡ್ಡಿ. ಹತ್ತನೇ ಕ್ಲಾಸಲ್ಲಿ ಕನ್ನಡ ತಗೊಂಡು ಪಾಸಾದ ಮಕ್ಕಳಿಗೆ ಅದೇ ಹೀರೋ ಹೆಸರಲ್ಲಿ ಬಹುಮಾನ ಕೊಡಿ. ಅಸಲು ಮುಟ್ಟೋದೇ ಬೇಡ, ವರ್ಷ ವರ್ಷ ಕೊಡ್ತಾನೇ ಇರಬಹುದು.

ಈಗ ನಮ್ಮ ಪಾಲಿನ ತಪ್ಪು. ಹುಡುಗರಿಗೆ ಬುದ್ಧಿ ಹೇಳೋ ಮುಂಚೆ ನಮ್ಮ ಕನ್ನಡ ಸಂಘಗಳು ಕನ್ನಡಿ ನೋಡ್ಕೋಬೇಕು. ರಾಜ್ಯೋತ್ಸವ ಅಂತ ನಾವು ಏನು ಮಾಡ್ತೀವಿ? ಬೆಂಗಳೂರಿಂದ ಯಾರೋ ದೊಡ್ಡೋರನ್ನ ಕರೆಸ್ತೀವಿ. ಮೈಸೂರು ಪೇಟ, ಶಾಲು, ಗಂಧದ ಹಾರ, ಬೆಳ್ಳಿಯ ಭುವನೇಶ್ವರಿ. ಅವರು ಎರಡು ಗಂಟೆ ಲೇಟಾಗಿ ಬಂದು ‘ಗಡಿನಾಡ ಕನ್ನಡಿಗರೇ ನಿಜವಾದ ಕನ್ನಡಿಗರು’ ಅಂತ ಹತ್ತು ನಿಮಿಷ ಮಾತಾಡಿ ಕಾರು ಹತ್ತುತ್ತಾರೆ. ಮಾರನೇ ದಿನ ನಮ್ಮ ಸಾಲ ನಮಗೆ. ಹುಡುಗರು ನೋಡಿ ಕಲಿತಿದ್ದು ಇದನ್ನೇ. ನಮ್ಮ ಭುವನೇಶ್ವರಿಗೂ ಅವರ ಗದೆಗೂ ಏನು ವ್ಯತ್ಯಾಸ? ಅವರದ್ದು ಒಂದು ಕೈ ಮೇಲು. ಅವರು ವಾರದಲ್ಲಿ ಮುನ್ನೂರಕ್ಕೂ ಹೆಚ್ಚು ಜನರ ಹತ್ತಿರ ಹೋಗಿ ದುಡ್ಡು ಎತ್ತಿದ್ದಾರೆ. ನಾವು ಒಂದು ವರ್ಷದಲ್ಲಿ ಐವತ್ತು ಮನೆ ಬಾಗಿಲು ತಟ್ಟಿಲ್ಲ. ಆ ಸಾಮರ್ಥ್ಯ ನಮಗೆ ಬೇಕು. ಆ ಹುಡುಗರು ನಮಗೆ ಬೇಕು.

ಅದಕ್ಕೆ ಈ ಪೇಜಿನ ಕಡೆಯಿಂದ ಮೊದಲು ನಮಗೇ ಒಂದು ಷರತ್ತು. ಇನ್ನು ಮೇಲೆ ನಾವು ಸೇರಿ ಮಾಡೋ ಯಾವ ಕಾರ್ಯಕ್ರಮದಲ್ಲೂ ಅತಿಥಿಗಳಿಗೆ ಬೆಳ್ಳಿ ಇಲ್ಲ, ಪೇಟ ಇಲ್ಲ. ಒಂದು ಕನ್ನಡ ಪುಸ್ತಕ, ಒಂದು ಲೋಟ ಮಜ್ಜಿಗೆ. ಬರೋರು ಬರ್ಲಿ.

ಆ ಹುಡುಗರಿಗೆ ಮೂರು ಮಾತು.

ಒಂದು, ದುಡ್ಡು ಕೊಟ್ಟೋರ ಹತ್ತಿರ ವಾಪಸ್ ಹೋಗಿ ಕೇಳಿ: ಗದೆಗಾ, ಕ್ಲಾಸಿಗಾ? ಗದೆಗೇ ಅಂದ್ರೆ ಅವರ ಪಾಲು ಅವರಿಗೆ ಕೊಟ್ಟುಬಿಡಿ. ನಮ್ಮ ಅಂದಾಜು, ಹತ್ತರಲ್ಲಿ ಎಂಟು ಜನ ಕ್ಲಾಸಿಗೆ ಅಂತಾರೆ.

ಎರಡು, ಒಬ್ಬರ ಫೋನಲ್ಲಿ ದುಡ್ಡು ಬೇಡ. ಏಳು ಜನ ಸೇರಿದ್ರೆ 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ರಿಜಿಸ್ಟರ್ ಮಾಡಿಸಬಹುದು. ಸಂಘದ ಹೆಸರಲ್ಲಿ ಖಾತೆ, ಇಬ್ಬರ ಜಂಟಿ ಸಹಿ, ಪ್ರತಿ ತಿಂಗಳು ಲೆಕ್ಕ ಗ್ರೂಪಿಗೆ. ಫಾರಂ ತುಂಬೋದು, ಓಡಾಡೋದು ನಮ್ಮ ಜವಾಬ್ದಾರಿ. ಸಂಘಕ್ಕೆ ನಿಮ್ಮ ಹೀರೋ ಹೆಸರೇ ಇಡಿ, ನಮ್ಮ ತಕರಾರಿಲ್ಲ.

ಮೂರು, ಹುಟ್ಟುಹಬ್ಬದ ದಿನ ಬೆಂಗಳೂರಿಗೆ ವ್ಯಾನ್ ಮಾಡೋ ಬದಲು ಇಲ್ಲೇ ಮೂರು ಹಳ್ಳಿಯಲ್ಲಿ ಕ್ಲಾಸು ಶುರು ಮಾಡೋಣ. ಅದರ ಫೋಟೋ ತೆಗೆದು ಅವರಿಗೆ ಕಳಿಸೋಣ. ನೋಡಿದ್ರೆ ಸಂತೋಷ, ನೋಡದೇ ಹೋದ್ರೆ ಮಗುಗೆ ಬಂದ ಅಕ್ಷರ ವಾಪಸ್ ಹೋಗಲ್ಲ.

ಕೊನೆಗೆ ಆ ಚೀಟಿ ಏನಾಯ್ತು ಅಂತ ಕೇಳ್ತೀರಿ. ತಿದ್ದಿ ಕೊಟ್ವಿ. ತಿದ್ದದೇ ಕಳಿಸೋಕೆ ಮನಸ್ಸು ಬರಲಿಲ್ಲ, ಅದು ನಮ್ಮ ಊರ ಹೆಸರು. ‘ಉದ್ದನಪಲ್ಲಿ’ ಅಂತ ದೊಡ್ಡದಾಗಿ ಬರೆದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದ್ವಿ. ಇದು ಉ, ಇದು ದಕ್ಕೆ ದ ಒತ್ತು, ಇದು ನ. ಮಂಡಿ ಹುಡುಗ ಪೆನ್ನು ಇಸ್ಕೊಂಡು ಅದರ ಕೆಳಗೆ ತಾನೂ ಬರೆದ. ಒತ್ತಕ್ಷರ ಸೊಟ್ಟಗಾಯ್ತು, ಇನ್ನೊಂದ್ಸಲ ಬರೆದ. ಗದೆ ವಿಷಯಕ್ಕೆ ಹುಡುಗರು ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ‘ಗ್ರೂಪಲ್ಲಿ ಕೇಳ್ತೀವಿ ಅಣ್ಣಾ’ ಅಂತ ಹೋಗಿದ್ದಾರೆ.

ಈ ಪೋಸ್ಟ್ ಆ ಗ್ರೂಪಿಗೂ ಹೋಗಲಿ, ಶೇರ್ ಮಾಡಿ. ಅಲ್ಲಿ ಎಷ್ಟೋ ಜನಕ್ಕೆ ಇದನ್ನ ಓದೋಕೆ ಬರಲ್ಲ. ಪಕ್ಕದಲ್ಲಿ ಕೂತು ಯಾರಾದ್ರೂ ಓದಿ ಹೇಳಿ.

ಭಾನುವಾರ ಕಲಿಸೋಕೆ ಸಿದ್ಧ ಇರೋ ನಿವೃತ್ತ ಮೇಷ್ಟ್ರುಗಳು, ಡಿಗ್ರಿ ಓದಿದ ಅಕ್ಕತಂಗಿಯರು ಉದ್ದನಪಲ್ಲಿ, ಕೆಲಮಂಗಲ, ರಾಯಕೋಟೆ, ಶೂಳಗಿರಿ ಕಡೆ ಇದ್ರೆ ಕಾಮೆಂಟಲ್ಲಿ ನಿಮ್ಮ ಊರ ಹೆಸರು ಹಾಕಿ. ಕನ್ನಡ ಅಕ್ಷರದಲ್ಲೇ ಹಾಕಿ.

ಸಿರಿಗನ್ನಡಂ ಗೆಲ್ಗೆ.